ಬಂಡೆಯೇರುವ ಬಂಡಿ

ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯ ಹೊರಗೆ, ಬೇಸಗೆಯಲ್ಲಿ ಬತ್ತಿಹೋಗುವ ಒಂದು ಹಳ್ಳವುಂಟು. ಘಟ್ಟದ ಕಾಡು ತೆಳುವಾಗುತ್ತ ಬಂದು ಧಾರವಾಡದ ಬಯಲು ಮೊದಲಾಗುವ ಸೀಮೆಯಿದು. ಮಳೆಗಾಲದಲ್ಲಿ ತುಂಬಿ ಹರಿಯುವ ಆ ಪಾತ್ರ ಏಪ್ರಿಲ್ ತಿಂಗಳಲ್ಲಿ ಬರಿಯ ಕಲ್ಲುಗಳ ರಾಶಿ: ಒರಟಾದ ಜಂಬಿಟ್ಟಿಗೆ, ನೀರಿನಲ್ಲಿ ಉರುಳಿ ನುಣುಪಾದ ಬೆಣಚುಕಲ್ಲು, ಅಲ್ಲಲ್ಲಿ ಅಂಚು ಮಸೆದಂತಿರುವ ಕರಿಗಲ್ಲು. ಕಳೆದ ಬೇಸಗೆಯ ರಜೆಯಲ್ಲಿ ಹಲವು ಸಂಜೆಗಳನ್ನು ನಾನು ಈ ಹಳ್ಳದಲ್ಲಿ ಒಂದು ಆಟಿಕೆಯ ಬಂಡಿಯ ಹಿಂದೆ ತಿರುಗುತ್ತ ಕಳೆದೆನೆಂದರೆ ವಾಚಕರು ನಕ್ಕಾರು. ಬಂಡಿ ನನ್ನದಲ್ಲ, ಆ ಊರಿನವನೇ ಆದ ನನ್ನ ವಿದ್ಯಾರ್ಥಿಯೊಬ್ಬನದು. ಆದರೆ ಅದು ಕೆಟ್ಟು ನಿಂತುದು ನನ್ನ ಸಲಹೆಯಿಂದ. ಆ ಋಣವನ್ನು ತೀರಿಸುವ ಸಲುವಾಗಿ ನಾವಿಬ್ಬರೂ ಕೂಡಿ ಮಾಡಿದ ಲೆಕ್ಕಾಚಾರವೇ ಈ ಲೇಖನದ ವಸ್ತು.

ಇಂಗ್ಲಿಷಿನಲ್ಲಿ ಇಂಥ ಬಂಡಿಗೆ ರಾಕ್ ಕ್ರಾಲರ್ ಎಂದು ಹೆಸರು. ಬಂಡೆಗಳ ಮೇಲೆ ತೆವಳುವುದು ಎಂದರ್ಥ. ರೇಡಿಯೋ ಮೂಲಕ ದೂರದಿಂದ ನಡೆಸುವ ಆಟದ ಕಾರುಗಳಲ್ಲಿ ಇದು ಒಂದು ಬೇರೆಯೇ ಜಾತಿ. ಉಳಿದವುಗಳ ಹಿರಿಮೆ ವೇಗದಲ್ಲಿ; ಇದರ ಹಿರಿಮೆ ನಿಧಾನದಲ್ಲಿ. ನಾಲ್ಕೂ ಚಕ್ರಗಳಿಗೆ ಮೋಟಾರಿನ ಚಲನೆ ದೊರೆಯುತ್ತದೆ, ಟೈರುಗಳು ಮೃದು, ಅಚ್ಚುಗಳು ಮೇಲೆ ಕೆಳಗೆ ಸ್ವತಂತ್ರವಾಗಿ ಓಲಾಡುತ್ತವೆ. ಅಮೆರಿಕದ ಆಕ್ಸಿಯಲ್ ಕಂಪನಿ ೨೦೧೯ರಲ್ಲಿ ಹೊರತಂದ ಎಸ್‌ಸಿಎಕ್ಸ್-೨೪ ಎಂಬ ಬಂಡಿ ನಿಜವಾದ ಜೀಪಿನ ಇಪ್ಪತ್ತನಾಲ್ಕನೆಯ ಒಂದು ಪಾಲಿನಷ್ಟು ಉದ್ದದ್ದು. ಅಂಗೈ ಮೇಲೆ ಕೂರುತ್ತದೆ. ಟ್ರಾಕ್ಸಸ್ ಕಂಪನಿಯ ಟಿಆರ್‌ಎಕ್ಸ್-೪ಎಮ್, ೨೦೨೨ರದು, ಹದಿನೆಂಟನೆಯ ಒಂದು ಪಾಲು. ಇವುಗಳಿಗಿಂತ ಎಷ್ಟೋ ಕಡಮೆ ಬೆಲೆಗೆ ಚೀನಾದಿಂದ ಬರುವ ಡಬ್ಲ್ಯುಪಿಎಲ್ ಸಿ-೨೪ ಹದಿನಾರನೆಯ ಒಂದು ಪಾಲು, ಎಮ್‌ಎನ್ ಡಿ-೯೦ ಹನ್ನೆರಡನೆಯ ಒಂದು ಪಾಲು. ಇವುಗಳಿಗೂ ಕೆಳಗೆ, ಹೆಸರು ಕೇಳಬೇಕಾಗಿಲ್ಲದ ಆಟಿಕೆಗಳ ದೊಡ್ಡ ಸಂತೆಯೇ ಇದೆ. ನನ್ನ ವಿದ್ಯಾರ್ಥಿಯ ಬಂಡಿ ಈ ಕೊನೆಯ ವರ್ಗಕ್ಕೆ ಸೇರಿದ್ದು. ಕಬ್ಬು ಕಡಿಯುವ ದಿನಗಳಲ್ಲಿ ಕೂಲಿ ಮಾಡಿ ಉಳಿಸಿದ ಹಣದಿಂದ ಅವನು ಅದನ್ನು ಕೊಂಡಿದ್ದ.

ಬಂಡಿ ಸಮನೆಲದ ಮೇಲೆ ಚೆನ್ನಾಗಿ ಓಡುತ್ತಿತ್ತು. ಹಳ್ಳದ ದಡದಲ್ಲಿರುವ ಓರೆಯಾದ ಒಂದು ಜಂಬಿಟ್ಟಿಗೆ ಬಂಡೆಯನ್ನು ಹತ್ತಿಸಹೋದರೆ ಮಾತ್ರ ಅರ್ಧದಲ್ಲಿ ಚಕ್ರಗಳು ಗಿರಗಿರನೆ ತಿರುಗಿ, ಮೂತಿ ಮೇಲೆದ್ದು, ಬಂಡಿ ಹಿಂದಕ್ಕೆ ಮಗುಚುತ್ತಿತ್ತು. ಏನು ಮಾಡಲಿ ಎಂದು ಅವನು ಕೇಳಿದ. ಮೋಟಾರಿಗೆ ಬಲ ಸಾಲದು, ದೊಡ್ಡದನ್ನು ಹಾಕು ಎಂದು ನಾನು ಹೇಳಿದೆ. ಭೌತಶಾಸ್ತ್ರದ ಅಧ್ಯಾಪಕನ ಮಾತೆಂದು ಅವನು ನಂಬಿದ. ಇನ್ನೂ ನಾಲ್ಕುನೂರೈವತ್ತು ರೂಪಾಯಿ ಹೋಯಿತು. ಹೊಸ ಮೋಟಾರನ್ನು ಹಾಕಿದ ದಿನ ಬಂಡಿ ಮೊದಲಿಗಿಂತ ಬೇಗನೆ ಮಗುಚಿತು. ಮರುದಿನ ಮುಂದಿನ ಚಕ್ರ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಾಗ ಪೆಟ್ಟಿಗೆಯೊಳಗೆ ಟಕಟಕನೆ ಸದ್ದಾಗಿ, ಪ್ಲಾಸ್ಟಿಕ್ಕಿನ ಹಲ್ಲುಗಾಲಿಯ ಆರು ಹಲ್ಲುಗಳು ಕಿತ್ತುಹೋದುವು.

ತಪ್ಪು ಎಲ್ಲಿತ್ತು? ಕಣ್ಣೆದುರಿನಲ್ಲೇ ಇತ್ತು. ಚಕ್ರಗಳು ಜಾರಿ ತಿರುಗುತ್ತಿದ್ದುವಷ್ಟೆ. ಚಕ್ರವನ್ನು ಜಾರಿಸಿ ತಿರುಗಿಸಬಲ್ಲ ಮೋಟಾರಿಗೆ ಬಲ ಸಾಲದೆಂದು ಹೇಳುವುದು ಹೇಗೆ? ಏರಿನಲ್ಲಿ ಚಕ್ರ ತಿರುಗದೆ ನಿಂತುಹೋದರೆ ಮೋಟಾರಿನ ದೋಷ. ತಿರುಗಿಯೂ ಬಂಡಿ ಮುಂದೆ ಸಾಗದಿದ್ದರೆ ದೋಷ ಮೋಟಾರಿನಲ್ಲಿಲ್ಲ, ಟೈರು ಮತ್ತು ಕಲ್ಲು ಕೂಡುವೆಡೆಯಲ್ಲಿದೆ. ಇಷ್ಟನ್ನು ನೋಡಿಕೊಂಡಿದ್ದರೆ ಆ ನಾಲ್ಕುನೂರೈವತ್ತು ರೂಪಾಯಿ ಉಳಿಯುತ್ತಿತ್ತು.

ಇಳಿಜಾರು ಮತ್ತು ಘರ್ಷಣೆ

ಇಳಿಜಾರಿನ ಮೇಲಿರುವ ಕಾಯದ ಪಾಠವನ್ನು ಪದವಿಪೂರ್ವ ತರಗತಿಯಲ್ಲಿ ಎಲ್ಲರೂ ಓದಿರುತ್ತಾರೆ. ಕಾಯದ ತೂಕದಲ್ಲಿ ಒಂದು ಭಾಗ ಇಳಿಜಾರಿನ ಗುಂಟ ಕೆಳಕ್ಕೆ ಎಳೆಯುತ್ತದೆ. ಇನ್ನೊಂದು ಭಾಗ ಮೇಲ್ಮೈಯನ್ನು ಲಂಬವಾಗಿ ಒತ್ತುತ್ತದೆ. ಈ ಒತ್ತುವ ಬಲವನ್ನು ಘರ್ಷಣಾಂಕದಿಂದ ಗುಣಿಸಿದರೆ ಟೈರು ಹಿಡಿಯಬಲ್ಲ ಗರಿಷ್ಠ ಬಲ ದೊರೆಯುತ್ತದೆ. ಎರಡೂ ಸಮವಾದಾಗ ಇಳಿಜಾರಿನ ಕೋನದ ಟ್ಯಾಂಜೆಂಟು ಘರ್ಷಣಾಂಕಕ್ಕೆ ಸಮನಾಗುತ್ತದೆ. ಘರ್ಷಣಾಂಕ ೦.೭ ಆಗಿದ್ದರೆ ೩೫ ಡಿಗ್ರಿ, ೦.೮ ಆಗಿದ್ದರೆ ಸುಮಾರು ೩೯ ಡಿಗ್ರಿ, ೧ ಆಗಿದ್ದರೆ ೪೫ ಡಿಗ್ರಿ. ಈ ಸೂತ್ರದಲ್ಲಿ ಬಂಡಿಯ ತೂಕವಿಲ್ಲ, ಮೋಟಾರಿನ ಬಲವಿಲ್ಲ, ಗುರುತ್ವಾಕರ್ಷಣೆಯೂ ಇಲ್ಲ ಎಂಬುದನ್ನು ಗಮನಿಸಬೇಕು. ಚಂದ್ರನ ಮೇಲೂ ಇದೇ ಸೂತ್ರ. ಆ ವಿಷಯಕ್ಕೆ ಮುಂದೆ ಬರೋಣ.

ನಮ್ಮ ಬಂಡಿಗೆ ಅಂಕಿಗಳನ್ನು ಹಾಕಿ ನೋಡೋಣ. ಅದರ ದ್ರವ್ಯರಾಶಿ ೭೦೦ ಗ್ರಾಮು, ಆದುದರಿಂದ ತೂಕ ಸುಮಾರು ೬.೯ ನ್ಯೂಟನ್. ೩೫ ಡಿಗ್ರಿಯ ಏರಿನಲ್ಲಿ ಅದನ್ನು ಮೇಲಕ್ಕೆ ಒಯ್ಯಲು ಬೇಕಾದ ಬಲ ೩.೯ ನ್ಯೂಟನ್. ಘರ್ಷಣಾಂಕ ೦.೮ ಎಂದಿಟ್ಟುಕೊಂಡರೆ ಅಲ್ಲಿ ಟೈರುಗಳು ಹಿಡಿಯಬಲ್ಲ ಗರಿಷ್ಠ ಬಲ ೪.೫ ನ್ಯೂಟನ್. ಅಂದರೆ ಬೇಕಾದುದಕ್ಕೂ ಸಿಗಬಹುದಾದುದಕ್ಕೂ ನಡುವೆ ಇರುವ ಅಂತರ ಬಹು ಕಿರಿದು. ಮೋಟಾರು ಹತ್ತು ಪಾಲು ದೊಡ್ಡದಾದರೂ ೪.೫ ನ್ಯೂಟನ್ನಿನ ಮೇಲೆ ಅದು ಕೊಡುವುದೆಲ್ಲ ಟೈರನ್ನು ಉಜ್ಜುವುದಕ್ಕೆ ವ್ಯಯವಾಗುತ್ತದೆ. ಅಷ್ಟೇ ಅಲ್ಲ, ಒಮ್ಮೆ ಜಾರತೊಡಗಿದ ಟೈರಿನ ಹಿಡಿತ ಸಾಮಾನ್ಯವಾಗಿ ಜಾರದೆ ಒತ್ತಿ ನಿಂತ ಟೈರಿನ ಹಿಡಿತಕ್ಕಿಂತ ಕಡಮೆ. ಬಂಡೆಯೇರುವ ಬಂಡಿ ತೆವಳಬೇಕಾದುದು ಇದಕ್ಕಾಗಿ.

ಹಾಗಾದರೆ ಹಲ್ಲು ಮುರಿದುದೇಕೆ? ಚಕ್ರ ಜಾರಲು ಸ್ವತಂತ್ರವಾಗಿರುವವರೆಗೆ ಘರ್ಷಣೆಯೇ ಹಲ್ಲುಗಳಿಗೆ ರಕ್ಷೆ. ಅದಕ್ಕಿಂತ ಹೆಚ್ಚಿನ ಭಾರ ಅವುಗಳ ಮೇಲೆ ಬೀಳುವಂತಿಲ್ಲ. ಚಕ್ರ ಕಲ್ಲುಗಳ ನಡುವೆ ಕಚ್ಚಿ ನಿಂತಿತೆಂದರೆ ಆ ರಕ್ಷೆ ಹೋಯಿತು. ನೇರ ವಿದ್ಯುತ್ತಿನ ಮೋಟಾರು ತಿರುಗದೆ ನಿಂತಾಗಲೇ ಅದರ ತಿರುಚುಬಲ ಗರಿಷ್ಠ. ಆ ಬಲ ಹಲ್ಲುಗಾಲಿಗಳ ಅನುಪಾತದಿಂದ ಹತ್ತಾರು ಪಾಲು ಹಿಗ್ಗಿ ಕೊನೆಯ ಗಾಲಿಯ ಒಂದೆರಡು ಹಲ್ಲುಗಳ ಮೇಲೆ ಬೀಳುತ್ತದೆ. ಹಿಂದಿನ ಸಣ್ಣ ಮೋಟಾರು ಸೋತು ನಿಲ್ಲುತ್ತಿತ್ತು. ಹೊಸದು ಸೋಲಲೊಲ್ಲದೆ ಹಲ್ಲನ್ನು ಕಿತ್ತಿತು. ಸರಪಳಿಯ ಒಂದು ಕೊಂಡಿಯನ್ನು ಬಲಪಡಿಸಿದರೆ ಸರಪಳಿ ಬಲವಾಗುವುದಿಲ್ಲ, ಅದು ಕಡಿಯುವ ಜಾಗ ಬದಲಾಗುತ್ತದೆ.

ಮೋಟಾರನ್ನೇ ಬದಲಾಯಿಸಬೇಕೆಂಬ ಹಂಬಲವಿದ್ದವರು ಮೊದಲು ಹಲ್ಲುಗಾಲಿಗಳ ಅನುಪಾತವನ್ನು ನೋಡಲಿ. ನಿಮಿಷಕ್ಕೆ ೧೨,೦೦೦ ಸುತ್ತು ತಿರುಗುವ ಮೋಟಾರನ್ನು ೪೦ಕ್ಕೆ ೧ರಂತೆ ಇಳಿಸಿದರೆ ಚಕ್ರ ನಿಮಿಷಕ್ಕೆ ೩೦೦ ಸುತ್ತು ತಿರುಗುತ್ತದೆ. ಚಕ್ರದ ತ್ರಿಜ್ಯ ೩ ಸೆಂಟಿಮೀಟರಾದರೆ ವೇಗ ಸೆಕೆಂಡಿಗೆ ಸುಮಾರು ೯೪ ಸೆಂಟಿಮೀಟರು; ಬಂಡೆಯ ಮೇಲೆ ಇದು ಹುಚ್ಚು ಓಟ. ಅನುಪಾತವನ್ನು ೧೨೦ಕ್ಕೆ ೧ ಮಾಡಿದರೆ ವೇಗ ೩೧ ಸೆಂಟಿಮೀಟರಿಗೆ ಇಳಿಯುತ್ತದೆ, ಮೋಟಾರು ಕೊಡಬೇಕಾದ ತಿರುಚುಬಲವೂ ಮೂರನೆಯ ಒಂದು ಪಾಲಾಗುತ್ತದೆ. ಸಣ್ಣ ಮೋಟಾರು ತಂಪಾಗಿ ಕೆಲಸ ಮಾಡುತ್ತದೆ. ಹಾಗೆ ನೋಡಿದರೆ ಆ ಏರನ್ನು ಈ ವೇಗದಲ್ಲಿ ಹತ್ತಲು ಬೇಕಾದ ಶಕ್ತಿ ಒಂದೂಕಾಲು ವ್ಯಾಟು ಮಾತ್ರ.

ಬ್ಯಾಟರಿಯ ವೋಲ್ಟೇಜನ್ನು ಏರಿಸುವ ಚಟವೂ ಹುಡುಗರಲ್ಲಿ ಉಂಟು. ಆರು ವೋಲ್ಟಿನ ಬಂಡಿಗೆ ೭.೪ ವೋಲ್ಟಿನ ಲಿಥಿಯಂ ಬ್ಯಾಟರಿಯನ್ನು ಜೋಡಿಸಿದರೆ, ನಿಂತ ಮೋಟಾರಿನಲ್ಲಿ ಹುಟ್ಟುವ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಒಂದೂವರೆ ಪಾಲಾಗುತ್ತದೆ. ಸುರುಳಿಯ ರೋಧ ಒಂದು ಓಮ್ ಇದ್ದರೆ ಅದು ಸುಮಾರು ೫೫ ವ್ಯಾಟು. ಹೆಬ್ಬೆರಳಿನಷ್ಟು ಮೋಟಾರು ಅದನ್ನು ಹೆಚ್ಚು ಹೊತ್ತು ತಾಳಲಾರದು. ಲಿಥಿಯಂ ಕೋಶವನ್ನು ೪.೨ ವೋಲ್ಟಿನ ಮೇಲಕ್ಕೆ ತುಂಬಬಾರದು, ೩ ವೋಲ್ಟಿನ ಕೆಳಕ್ಕೆ ಬರಿದುಮಾಡಬಾರದು, ಉಬ್ಬಿದ ಕೋಶವನ್ನು ಮತ್ತೆ ಬಳಸಬಾರದು. ಇದು ಆಟಿಕೆಯ ವಿಷಯವಲ್ಲ, ಬೆಂಕಿಯ ವಿಷಯ.

ಗಾಡಿ ಹೊಡೆಯುವವನ ಪಾಠ

ಹಲ್ಲುಗಾಲಿಯನ್ನು ಇನ್ನೂರು ರೂಪಾಯಿಯಲ್ಲಿ ಲೋಹದ್ದಾಗಿ ಮಾರ್ಪಡಿಸಿ, ಹಳೆಯ ಮೋಟಾರನ್ನೇ ಮರಳಿ ಕೂಡಿಸಿ ಮತ್ತೆ ಹಳ್ಳಕ್ಕೆ ಇಳಿದೆವು. ಬಂಡಿ ಮತ್ತೆ ಮಗುಚಿತು. ಎತ್ತುಗಳಿಗೆ ನೀರು ಕುಡಿಸಲು ಮೇಲಿನ ಮಡುವಿಗೆ ಬಂದಿದ್ದ ವೃದ್ಧ ರೈತರೊಬ್ಬರು ಸ್ವಲ್ಪ ಹೊತ್ತು ನಿಂತು ನೋಡಿ, “ಹಿಂಭಾರ ಆಗೈತ್ರೀ ಅದು. ಏರಿನ್ಯಾಗ ನಾವು ಮೂಕಿ ಮ್ಯಾಲೆ ಸರದು ಕುಂದರ್ತೀವಿ” ಎಂದರು. ಅಷ್ಟು ಹೇಳಿ ಎತ್ತು ಹೊಡೆದುಕೊಂಡು ಹೋದರು.

ಹೇರು ತುಂಬಿದ ಗಾಡಿ ಏರು ಹತ್ತುವಾಗ ಅದರ ಗುರುತ್ವಕೇಂದ್ರ ಅಚ್ಚಿನ ಹಿಂದಕ್ಕೆ ಸರಿಯುತ್ತದೆ, ನೊಗ ಎತ್ತುಗಳ ಹೆಗಲಿನಿಂದ ಮೇಲೇಳುತ್ತದೆ. ಗಾಡಿ ಹೊಡೆಯುವವನು ಮುಂದೆ ಮೂಕಿಯ ಮೇಲೆ ಸರಿದು ಕೂತರೆ ತನ್ನ ತೂಕದಿಂದ ನೊಗವನ್ನು ಒತ್ತಿ ಹಿಡಿದಂತಾಗುತ್ತದೆ. ನಮ್ಮ ಬಂಡಿಯಲ್ಲಿ ಆಗುತ್ತಿದ್ದುದೂ ಅದೇ. ನಾನು ತರಗತಿಯಲ್ಲಿ ಹತ್ತು ವರ್ಷ ಹೇಳಿದ ಭ್ರಾಮಕಗಳ ತತ್ತ್ವವನ್ನು ಹಳ್ಳದಲ್ಲಿ ಬೇರೊಬ್ಬರ ಬಾಯಿಂದ ಕೇಳಬೇಕಾಯಿತು.

ಲೆಕ್ಕ ಹೀಗೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಇರುವ ದೂರ ೨೦ ಸೆಂಟಿಮೀಟರು. ಗುರುತ್ವಕೇಂದ್ರ ಸರಿಯಾಗಿ ನಡುವೆ, ಅಂದರೆ ಹಿಂದಿನ ಅಚ್ಚಿನಿಂದ ೧೦ ಸೆಂಟಿಮೀಟರು ಮುಂದೆ, ನೆಲದಿಂದ ೯ ಸೆಂಟಿಮೀಟರು ಎತ್ತರದಲ್ಲಿ ಇತ್ತು. ಏರಿನ ಕೋನದ ಟ್ಯಾಂಜೆಂಟು ೧೦/೯ನ್ನು ಮುಟ್ಟಿದೊಡನೆ, ಎಂದರೆ ೪೮ ಡಿಗ್ರಿಯಲ್ಲಿ, ಗುರುತ್ವಕೇಂದ್ರ ಹಿಂದಿನ ಚಕ್ರಗಳ ನೆಲೆಯನ್ನು ದಾಟಿ ಬಂಡಿ ಮಗುಚಲೇಬೇಕು. ನಮ್ಮ ಬಂಡೆ ಅಷ್ಟು ಕಡಿದಾಗಿರಲಿಲ್ಲವಲ್ಲ ಎನ್ನಬಹುದು. ಆದರೆ ೩೫ ಡಿಗ್ರಿಯಲ್ಲಿಯೇ ಮುಂದಿನ ಚಕ್ರಗಳ ಮೇಲೆ ಉಳಿಯುವುದು ತೂಕದ ನೂರಕ್ಕೆ ೧೫ ಭಾಗ ಮಾತ್ರ. ಹಿಂದಿನವುಗಳ ಮೇಲೆ ೬೭. ಅಷ್ಟು ಹಗುರವಾದ ಮೂತಿ ಒಂದು ಸಣ್ಣ ಉಬ್ಬು ಸಿಕ್ಕರೂ ಹಾರುತ್ತದೆ; ಮೋಟಾರು ಒಮ್ಮೆಲೇ ಎಳೆದರೆ ಆ ಜಗ್ಗಿಗೇ ಮೇಲೇಳುತ್ತದೆ. ದೊಡ್ಡ ಮೋಟಾರು ಹಾಕಿದ ಮೇಲೆ ಬಂಡಿ ಬೇಗ ಮಗುಚಿದುದರ ಮರ್ಮವೂ ಇದೇ.

ಬ್ಯಾಟರಿ ಹಿಂಬದಿಯಲ್ಲಿ, ಮೇಲ್ಗಡೆ ಕೂತಿತ್ತು. ಅದನ್ನು ತೆಗೆದು ಮುಂದಿನ ಅಚ್ಚಿನ ಮೇಲೆ, ಚೌಕಟ್ಟಿನ ಪಕ್ಕಕ್ಕೆ ತಗ್ಗಿನಲ್ಲಿ ಕಟ್ಟಿದೆವು. ಅಂದಕ್ಕಾಗಿ ಮಾಳಿಗೆಯ ಮೇಲಿಟ್ಟಿದ್ದ ಸಾಮಾನಿನ ಚೌಕಟ್ಟು, ಸುಳ್ಳು ದೀಪಗಳು, ಹೆಚ್ಚುವರಿ ಚಕ್ರ ಎಲ್ಲವನ್ನೂ ಕಿತ್ತೆವು. ಮೋಟಾರು ಸುತ್ತುವ ಅಂಗಡಿಯಲ್ಲಿ ಎಸೆಯಲಿಟ್ಟಿದ್ದ ತಾಮ್ರದ ತಂತಿಯನ್ನು ಬೇಡಿ ತಂದು ಮುಂದಿನ ಎರಡು ಚಕ್ರಗಳ ಒಳಗೆ ಸುತ್ತಿದೆವು. ಚಕ್ರದೊಳಗಿನ ಭಾರ ನೆಲಕ್ಕೆ ಹತ್ತಿರವಿರುವುದರಿಂದ ಅದು ಗುರುತ್ವಕೇಂದ್ರವನ್ನು ಮುಂದಕ್ಕೂ ಕೆಳಕ್ಕೂ ಒಂದೇ ಏಟಿಗೆ ಎಳೆಯುತ್ತದೆ. ಎಲ್ಲ ಆದಮೇಲೆ ಅದು ಹಿಂದಿನ ಅಚ್ಚಿನಿಂದ ೧೨ ಸೆಂಟಿಮೀಟರು ಮುಂದೆ, ನೆಲದಿಂದ ೭ ಸೆಂಟಿಮೀಟರು ಎತ್ತರಕ್ಕೆ ಬಂದಿತು. ಈಗ ಮಗುಚುವ ಕೋನ ಸುಮಾರು ೬೦ ಡಿಗ್ರಿ. ೩೫ ಡಿಗ್ರಿಯ ಏರಿನಲ್ಲಿ ಮೂತಿಯ ಮೇಲೆ ಉಳಿಯುವ ತೂಕ ನೂರಕ್ಕೆ ೨೯, ಮೊದಲಿನ ಹತ್ತಿರ ಹತ್ತಿರ ಇಮ್ಮಡಿ. ಅದೇ ಸಂಜೆ ಬಂಡಿ ಜಂಬಿಟ್ಟಿಗೆಯ ಬಂಡೆಯನ್ನು ಹತ್ತಿ ನಿಂತಿತು. ತಗುಲಿದ ಖರ್ಚು, ಕಟ್ಟಲು ತಂದ ರಬ್ಬರು ಪಟ್ಟಿಯ ಐದು ರೂಪಾಯಿ.

ಗುರುತ್ವಕೇಂದ್ರವನ್ನು ಅಳೆದುದು ಹೇಗೆಂದು ವಿದ್ಯಾರ್ಥಿಗಳು ಕೇಳಬೇಕು. ಅಡಿಗೆಮನೆಯ ತಕ್ಕಡಿಯ ಮೇಲೆ ಮುಂದಿನ ಚಕ್ರಗಳನ್ನೂ ಅಷ್ಟೇ ಎತ್ತರದ ಪುಸ್ತಕಗಳ ಮೇಲೆ ಹಿಂದಿನ ಚಕ್ರಗಳನ್ನೂ ಇಟ್ಟು ತೂಗಿದರೆ ಮುಂಭಾರ ತಿಳಿಯುತ್ತದೆ. ಅದನ್ನು ಒಟ್ಟು ತೂಕದಿಂದ ಭಾಗಿಸಿ ಅಚ್ಚುಗಳ ಅಂತರದಿಂದ ಗುಣಿಸಿದರೆ ಹಿಂದಿನ ಅಚ್ಚಿನಿಂದ ಕೇಂದ್ರಕ್ಕಿರುವ ದೂರ. ಎತ್ತರಕ್ಕೆ ಒಂದು ಹಲಗೆ ಸಾಕು. ಬಂಡಿಯನ್ನು ಹಲಗೆಯ ಮೇಲೆ ಅಡ್ಡವಾಗಿ ನಿಲ್ಲಿಸಿ, ಜಾರದಂತೆ ಒಂದು ಕಡ್ಡಿಯನ್ನು ಒತ್ತು ಕೊಟ್ಟು, ಹಲಗೆಯನ್ನು ನಿಧಾನವಾಗಿ ಎತ್ತಿರಿ. ಅದು ಮಗುಚುವ ಕೋನವನ್ನು ಗುರುತಿಸಿ, ಎಡಬಲ ಚಕ್ರಗಳ ಅಂತರದ ಅರ್ಧವನ್ನು ಆ ಕೋನದ ಟ್ಯಾಂಜೆಂಟಿನಿಂದ ಭಾಗಿಸಿದರೆ ಎತ್ತರ ಸಿಗುತ್ತದೆ. ನಮ್ಮ ಬಂಡಿಯ ಅಗಲ ೧೨ ಸೆಂಟಿಮೀಟರು. ಮೊದಲು ೩೪ ಡಿಗ್ರಿಯ ಹತ್ತಿರ ಮಗುಚುತ್ತಿದ್ದುದು ಬದಲಾವಣೆಯ ನಂತರ ೪೦ ಡಿಗ್ರಿಯನ್ನು ದಾಟಿತು. ಸ್ಪ್ರಿಂಗುಗಳು ಕುಗ್ಗುವುದರಿಂದ ಸ್ವಲ್ಪ ತಪ್ಪು ಬರುತ್ತದೆ, ಹೋಲಿಕೆಗೆ ಅಡ್ಡಿಯಿಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು

ಬಂಡಿಗಳನ್ನು ಹೋಲಿಸುವಾಗ ಡಬ್ಬದ ಮೇಲಿನ ಚಿತ್ರವನ್ನಾಗಲಿ ವೇಗದ ಅಂಕಿಯನ್ನಾಗಲಿ ನೋಡಬೇಕಾಗಿಲ್ಲ. ಮೊದಲು ಕೈಯಲ್ಲಿ ಎತ್ತಿ ಹಿಡಿದು ಹಿಂದಿನ ಒಂದು ಚಕ್ರವನ್ನು ತಿರುಗಿಸಿ ನೋಡಿ. ಎದುರಿನ ಚಕ್ರ ವಿರುದ್ಧ ದಿಕ್ಕಿಗೆ ತಿರುಗಿದರೆ ಅಚ್ಚಿನಲ್ಲಿ ಡಿಫರೆನ್ಷಿಯಲ್ ಇದೆ ಎಂದರ್ಥ. ರಸ್ತೆಯ ಕಾರಿಗೆ ಅದು ಅತ್ಯಗತ್ಯ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಸಾಗಬೇಕಾಗುತ್ತದೆ. ಬಂಡೆಯ ಮೇಲೆ ಅದೇ ಶತ್ರು. ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ತಿರುಚುಬಲವನ್ನು ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದಕ್ಕೆ ಬೇಕಾದ ಬಲ ಸೊನ್ನೆ, ಆದುದರಿಂದ ನೆಲದ ಮೇಲಿರುವುದಕ್ಕೂ ಸೊನ್ನೆ. ಎರಡು ಚಕ್ರಗಳೂ ಒಂದೇ ದಂಡಕ್ಕೆ ಬಿಗಿದಿದ್ದರೆ ಈ ತೊಡಕಿಲ್ಲ. ತಿರುವು ಸ್ವಲ್ಪ ದೊಡ್ಡದಾದೀತು, ಅಷ್ಟೆ. ಡಿಫರೆನ್ಷಿಯಲ್ ಇಲ್ಲದ ಅಗ್ಗದ ಬಂಡಿ ಈ ಒಂದು ವಿಷಯದಲ್ಲಿ ಬಡತನದಿಂದಲೇ ಲಾಭ ಪಡೆದಿದೆ.

ಎರಡನೆಯದು ನಿಯಂತ್ರಣ. ಬಹು ಅಗ್ಗದ ಆಟಿಕೆಗಳಲ್ಲಿ ಗುಂಡಿ ಒತ್ತಿದರೆ ಪೂರ್ಣ ವೇಗ, ಬಿಟ್ಟರೆ ನಿಲುಗಡೆ. ನಡುವೆ ಏನೂ ಇಲ್ಲ. ಇಂಥದನ್ನು ಬಂಡೆಯೇರಲು ಕೊಳ್ಳಲೇಬಾರದು ಎಂಬುದು ನನ್ನ ಅಭಿಪ್ರಾಯ. ಒಳ್ಳೆಯವುಗಳಲ್ಲಿ ಬೆರಳನ್ನು ಎಷ್ಟು ಒತ್ತಿದರೆ ಅಷ್ಟೇ ವೇಗ. ಮೋಟಾರಿಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕೊಟ್ಟು ನಿಲ್ಲಿಸಿ, ಕೊಡುವ ಅವಧಿಯನ್ನು ಹೆಚ್ಚು ಕಡಮೆ ಮಾಡಿ ಇದನ್ನು ಸಾಧಿಸುತ್ತಾರೆ. ಮುಂಚಕ್ರಗಳನ್ನು ಹೊರಳಿಸುವ ಸರ್ವೋ ಯಂತ್ರಕ್ಕೆ ಸುಮಾರು ೨೦ ಮಿಲಿಸೆಕೆಂಡಿಗೊಮ್ಮೆ ಒಂದು ಮಿಡಿತ ಹೋಗುತ್ತದೆ; ಮಿಡಿತ ೧.೫ ಮಿಲಿಸೆಕೆಂಡು ಇದ್ದರೆ ಚಕ್ರ ನೇರ, ೧ ಆದರೆ ಒಂದು ಕಡೆಗೆ, ೨ ಆದರೆ ಇನ್ನೊಂದು ಕಡೆಗೆ. ಹಿಂದಿನ ಆಟಿಕೆಗಳು ೨೭ ಮೆಗಾಹರ್ಟ್ಸಿನ, ಅಂದರೆ ೧೧ ಮೀಟರು ಉದ್ದದ ತರಂಗಗಳನ್ನು ಬಳಸುತ್ತಿದ್ದುವು. ಇಂದಿನವು ಹೆಚ್ಚಾಗಿ ೨.೪ ಗಿಗಾಹರ್ಟ್ಸಿನ, ೧೨.೫ ಸೆಂಟಿಮೀಟರಿನ ತರಂಗಗಳನ್ನು. ಆದಕಾರಣ ಉದ್ದನೆಯ ಆಂಟೆನಾ ಕಡ್ಡಿಗಳು ಮಾಯವಾದುವು. ನಿಕೋಲ ಟೆಸ್ಲಾ ೧೮೯೮ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ನೀರಿನ ತೊಟ್ಟಿಯಲ್ಲಿ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ತೋರಿಸಿದುದು ಈ ವಂಶದ ಮೂಲಪುರುಷ.

ಮೂರನೆಯದು ಟೈರು. ಉಗುರಿನಿಂದ ಒತ್ತಿದರೆ ತಗ್ಗಬೇಕು. ಮೃದುವಾದ ರಬ್ಬರು ಕಲ್ಲಿನ ಉಬ್ಬುತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಆಗ ಅದರ ಹಿಡಿತ ಪಠ್ಯಪುಸ್ತಕದ ಸರಳ ನಿಯಮವನ್ನು ಮೀರುತ್ತದೆ. ದೊಡ್ಡ ಚಕ್ರ ಮೆಟ್ಟಿಲು ಹತ್ತಲು ಒಳ್ಳೆಯದು. ಒಂದೂವರೆ ಸೆಂಟಿಮೀಟರಿನ ಮೆಟ್ಟಿಲನ್ನು ೩ ಸೆಂಟಿಮೀಟರು ತ್ರಿಜ್ಯದ ಉರುಳುಚಕ್ರ ಏರಬೇಕಾದರೆ ಅದರ ಮೇಲಿನ ಭಾರದ ೧.೭೩ ಪಾಲು ಬಲದಿಂದ ಅಚ್ಚನ್ನು ಎಳೆಯಬೇಕು. ತ್ರಿಜ್ಯ ೪ ಸೆಂಟಿಮೀಟರಾದರೆ ೧.೨೫ ಪಾಲು ಸಾಕು. ಆದರೆ ಬಂಡಿ ಎತ್ತರವಾಗುತ್ತದೆ, ಹಲ್ಲುಗಳ ಮೇಲಿನ ಭಾರ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಒಂದನ್ನು ಪಡೆದರೆ ಇನ್ನೊಂದನ್ನು ತೆರಬೇಕು. ಗಾತ್ರದ ಬಗ್ಗೆ ಹೇಳುವುದಾದರೆ, ಅಂಗೈ ಗಾತ್ರದ ಬಂಡಿಗೆ ಮನೆಯೊಳಗಿನ ಪುಸ್ತಕಗಳ ರಾಶಿಯೇ ಬೆಟ್ಟ. ಹಳ್ಳದ ಕಲ್ಲುಗಳಿಗೆ ಹನ್ನೆರಡನೆಯ ಅಥವಾ ಹತ್ತನೆಯ ಒಂದು ಪಾಲಿನದೇ ಸರಿ.

ಬೆಂಗಳೂರಿನಿಂದ ನಡೆಸಿದ ಬಂಡಿ

ದೂರನಿಯಂತ್ರಣದಿಂದ ಕಲ್ಲುಮಣ್ಣಿನ ಮೇಲೆ ತೆವಳಿದ ಬಂಡಿಗಳಲ್ಲಿ ನಮ್ಮ ನಾಡಿನದೇ ಆದ ಒಂದಕ್ಕೆ ಜಗತ್ತಿನಲ್ಲೆಲ್ಲ ಹೆಸರಿದೆ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಪ್ರಜ್ಞಾನ್, ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ರ ವಿಕ್ರಮ್ ನೌಕೆಯೊಡನೆ ಚಂದ್ರನ ಮೇಲೆ ಇಳಿಯಿತು. ಅದರ ದ್ರವ್ಯರಾಶಿ ೨೬ ಕಿಲೋಗ್ರಾಮು, ಚಕ್ರಗಳು ಆರು, ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರು. ಆರು ಚಕ್ರಗಳಿಗೂ ಒಂದೊಂದು ಮೋಟಾರು. ಹೊರಳಲು ಪ್ರತ್ಯೇಕ ಏರ್ಪಾಡಿಲ್ಲ, ಎಡಬಲ ಚಕ್ರಗಳ ವೇಗವನ್ನು ಬೇರೆಬೇರೆ ಮಾಡಿ ತಿರುಗಿಸುತ್ತಾರೆ. ಚಂದ್ರನ ಮಣ್ಣಿನ ಹೋಲಿಕೆಗಾಗಿ ತಮಿಳುನಾಡಿನ ಸೇಲಂ ಬಳಿಯ ಅನಾರ್ಥೋಸೈಟ್ ಕಲ್ಲನ್ನು ಪುಡಿಮಾಡಿ ತರಿಸಿ ಭೂಮಿಯ ಮೇಲಿನ ಪರೀಕ್ಷೆಗಳಲ್ಲಿ ಬಳಸಿದ್ದರು.

ಅದರ ಚಕ್ರಗಳನ್ನು ಹೊತ್ತಿರುವ ಏರ್ಪಾಡಿಗೆ ರಾಕರ್-ಬೋಗಿ ಎಂದು ಹೆಸರು. ಅದರ ಅಗತ್ಯವೇನೆಂಬುದನ್ನು ಅರಿಯಲು ಒಲೆಯನ್ನು ನೆನೆಯಬೇಕು. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಎಂದೂ ಅಲುಗದು, ನಾಲ್ಕು ಕಾಲಿನ ಮಣೆ ಅಂಕುಡೊಂಕು ನೆಲದಲ್ಲಿ ಕುಂಟುತ್ತದೆ. ಮೂರು ಬಿಂದುಗಳು ಒಂದು ಸಮತಲವನ್ನು ನಿಶ್ಚಯಿಸುತ್ತವೆ. ನಾಲ್ಕನೆಯದು ಅದರಲ್ಲಿ ಬಂದರೆ ಆಕಸ್ಮಿಕ. ಬಿಗಿಯಾದ ಚೌಕಟ್ಟಿನ ನಾಲ್ಕು ಚಕ್ರದ ಬಂಡಿಯಲ್ಲಿ ಯಾವಾಗಲೂ ಒಂದು ಚಕ್ರ ಗಾಳಿಯಲ್ಲಿ. ಆಟಿಕೆಗಳಲ್ಲಿ ಅಚ್ಚುಗಳನ್ನು ಮೃದುವಾದ ಸ್ಪ್ರಿಂಗುಗಳ ಮೇಲೆ ಓಲಾಡಿಸಿ ಇದನ್ನು ಪರಿಹರಿಸುತ್ತಾರೆ. ಗಡುಸಾದ ಸ್ಪ್ರಿಂಗನ್ನು ಬದಲಾಯಿಸುವುದು ಈ ಕಾರಣದಿಂದ ಹಣಕ್ಕೆ ತಕ್ಕ ಸುಧಾರಣೆ. ರಾಕರ್-ಬೋಗಿಯಲ್ಲಿ ಸ್ಪ್ರಿಂಗೇ ಇಲ್ಲ. ಪ್ರತಿ ಪಕ್ಕದಲ್ಲಿ ಒಂದು ಉದ್ದನೆಯ ಸನ್ನೆ. ಅದರ ಒಂದು ತುದಿಗೆ ಒಂದು ಚಕ್ರ, ಇನ್ನೊಂದು ತುದಿಗೆ ಕೀಲಿನಿಂದ ತೂಗಿದ ಚಿಕ್ಕ ಸನ್ನೆ, ಅದಕ್ಕೆ ಎರಡು ಚಕ್ರ. ಎಡಬಲದ ಸನ್ನೆಗಳು ಒಂದರ ಚಲನೆಗೆ ಇನ್ನೊಂದು ಪ್ರತಿಯಾಗಿ ವಾಲುವಂತೆ ಜೋಡಣೆಯಾಗಿರುವುದರಿಂದ ನಡುವಿನ ಪೆಟ್ಟಿಗೆ ಎರಡರ ಸರಾಸರಿಯಷ್ಟೇ ವಾಲುತ್ತದೆ. ಆರು ಚಕ್ರಗಳೂ ನೆಲ ಬಿಡುವುದಿಲ್ಲ. ೧೯೯೭ರಲ್ಲಿ ಮಂಗಳನ ಮೇಲೆ ಇಳಿದ ಸೋಜರ್ನರಿನಿಂದ ಮೊದಲ್ಗೊಂಡು ಅಮೆರಿಕದ ಎಲ್ಲ ಮಂಗಳಬಂಡಿಗಳಲ್ಲಿಯೂ ಇದೇ ಕ್ರಮ.

ನಿಧಾನದ ಬೆಲೆ ಇಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಚಂದ್ರ ೩,೮೪,೦೦೦ ಕಿಲೋಮೀಟರು ದೂರದಲ್ಲಿದೆ. ರೇಡಿಯೋ ಸಂಕೇತ ಹೋಗಿ ಬರಲು ೨.೬ ಸೆಕೆಂಡು. ನಮ್ಮ ಹಳ್ಳದ ಬಂಡಿಯ ಹಳೆಯ ವೇಗದಲ್ಲಿ ಪ್ರಜ್ಞಾನ್ ಓಡುತ್ತಿದ್ದರೆ, ಹಳ್ಳ ಕಂಡು ನಿಲ್ಲಿಸು ಎಂದು ಹೇಳುವಷ್ಟರಲ್ಲಿ ಎರಡೂವರೆ ಮೀಟರು ಮುಂದೆ ಹೋಗಿರುತ್ತಿತ್ತು. ಅದರ ನಿಜವಾದ ವೇಗದಲ್ಲಿ ಎರಡೂವರೆ ಸೆಂಟಿಮೀಟರು. ಆದರೂ ಬೆಂಗಳೂರಿನವರು ಅದನ್ನು ಆಟಿಕೆಯಂತೆ ಕೋಲು ಹಿಡಿದು ನಡೆಸಲಿಲ್ಲ. ಅದರ ಕ್ಯಾಮರಾಗಳ ಚಿತ್ರ ವಿಕ್ರಮ್ ಮೂಲಕ ಬರಬೇಕು, ಅದರಿಂದ ನೆಲದ ಉಬ್ಬುತಗ್ಗಿನ ನಕ್ಷೆ ತಯಾರಾಗಬೇಕು, ಆಮೇಲೆ ಒಂದು ಸಲಕ್ಕೆ ಹೆಚ್ಚೆಂದರೆ ಸುಮಾರು ೫ ಮೀಟರಿನ ದಾರಿಗೆ ಅಪ್ಪಣೆ. ಆಗಸ್ಟ್ ೨೭ರಂದು ೪ ಮೀಟರು ಅಗಲದ ಗುಳಿಯೊಂದು ೩ ಮೀಟರು ಮುಂದೆ ಕಾಣಿಸಿತು. ಬಂದ ದಾರಿಯಲ್ಲೇ ಹಿಂದಿರುಗುವಂತೆ ಆಜ್ಞೆ ಹೋಯಿತು; ಬಂಡಿ ಹಿಂದಿರುಗಿ ಬೇರೆ ದಾರಿ ಹಿಡಿಯಿತು. ಸೆಪ್ಟೆಂಬರ್ ೨ರಂದು ಅದನ್ನು ನಿದ್ರೆಗೆ ಕಳಿಸುವ ವೇಳೆಗೆ ೧೦೦ ಮೀಟರಿಗಿಂತ ಹೆಚ್ಚು ಸಾಗಿತ್ತು. ೧೯೭೦ರ ನವೆಂಬರಿನಲ್ಲಿ ಚಂದ್ರನ ಮೇಲೆ ಇಳಿದ ರ‍ಷ್ಯನ್ನರ ಎಂಟು ಚಕ್ರದ ಲುನಾಖೋದ್-೧ ಹತ್ತು ಕಿಲೋಮೀಟರಿಗೂ ಮಿಕ್ಕಿ ನಡೆದಿತ್ತು ನಿಜ. ಅದರ ದ್ರವ್ಯರಾಶಿ ೭೫೬ ಕಿಲೋಗ್ರಾಮು, ನಡೆಸಿದುದು ತಿಂಗಳುಗಟ್ಟಲೆ.

ಚಂದ್ರನ ಮೇಲೆ ಗುರುತ್ವ ಆರನೆಯ ಒಂದು ಪಾಲಾದುದರಿಂದ ಪ್ರಜ್ಞಾನ್ ಬೆಟ್ಟವನ್ನು ಸಲೀಸಾಗಿ ಹತ್ತಬಹುದಲ್ಲವೆ ಎಂದು ನನ್ನ ವಿದ್ಯಾರ್ಥಿ ಕೇಳಿದ. ಹಿಂದೆ ಹೇಳಿದ ಸೂತ್ರವನ್ನು ಮತ್ತೊಮ್ಮೆ ನೋಡು ಎಂದೆ. ಎಳೆಯುವ ಬಲ ಕಡಮೆಯಾದಂತೆ ಹಿಡಿಯುವ ಬಲವೂ ಅಷ್ಟೇ ಕಡಮೆಯಾಗುತ್ತದೆ. ಜಾರುವ ಕೋನ ಬದಲಾಗುವುದಿಲ್ಲ. ಮೋಟಾರಿಗೆ ಶ್ರಮ ಕಡಮೆ, ಟೈರಿಗೆ ಅದೇ ಪಾಡು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಅಲ್ಲಿಯೂ ದೊಡ್ಡ ಮೋಟಾರು ಹಾಕಿ ಪ್ರಯೋಜನವಿಲ್ಲ ಎಂದ. ನಾನೇನೂ ಹೇಳಲಿಲ್ಲ.

ಹಳ್ಳದಲ್ಲಿ ನಮಗೆ ಮಣಿಯದ ಕಲ್ಲು ಇನ್ನೂ ಒಂದಿದೆ. ಅದು ಕರಿಗಲ್ಲು, ಎರಡೂ ಕಡೆ ಇಳಿಜಾರು, ನಡುವೆ ಕತ್ತಿಯಂಥ ಏಣು. ಮುಂದಿನ ಚಕ್ರಗಳು ದಾಟುತ್ತವೆ, ಹಿಂದಿನವು ಇನ್ನೂ ಈಚೆ ಇರುವಾಗ ಬಂಡಿಯ ಹೊಟ್ಟೆ ಏಣಿಗೆ ತಗುಲಿ ನಿಲ್ಲುತ್ತದೆ. ಇದರಲ್ಲಿ ಮೋಟಾರಿನ ದೋಷವಿಲ್ಲ, ಟೈರಿನದಿಲ್ಲ, ತೂಕದ್ದೂ ಇಲ್ಲ. ಇದು ಬರಿಯ ರೇಖಾಗಣಿತ. ಹೊಟ್ಟೆ ನೆಲದಿಂದ ೩ ಸೆಂಟಿಮೀಟರು ಮೇಲೆ, ಅಚ್ಚುಗಳ ಅಂತರ ೨೦; ಆದುದರಿಂದ ಎರಡು ಇಳಿಜಾರುಗಳ ಕೋನ ಕೂಡಿ ಸುಮಾರು ೩೩ ಡಿಗ್ರಿ ಮೀರಿದ ಏಣನ್ನು ಅದು ಮುಟ್ಟದೆ ದಾಟಲಾರದು. ಅಚ್ಚಿಗಿಂತ ಚಕ್ರವನ್ನು ಕೆಳಗಿಳಿಸುವ ಪೋರ್ಟಲ್ ಎಂಬ ಜೋಡಣೆ ಪೇಟೆಯಲ್ಲಿ ಸಿಗುತ್ತದೆ, ಬೆಲೆ ನಮ್ಮ ಬಂಡಿಯದಕ್ಕಿಂತ ಹೆಚ್ಚು. ಹುಡುಗ ಬೇರೆ ದಾರಿ ಹಿಡಿದಿದ್ದಾನೆ. ಮುಟ್ಟಿದರೆ ಮುಟ್ಟಲಿ, ಜಾರಿದರಾಯಿತು ಎಂದು ಒಡೆದ ನೀರಿನ ಪೈಪಿನ ಒಂದು ತುಂಡನ್ನು ಉದ್ದಕ್ಕೆ ಸೀಳಿ, ಬಿಸಿಮಾಡಿ ಚಪ್ಪಟೆ ಮಾಡಿ, ಹೊಟ್ಟೆಯ ಕೆಳಗೆ ಬಿಗಿದ. ಏಣಿನ ಮೇಲೆ ಬಂಡಿ ಈಗ ಅರ್ಧದವರೆಗೆ ಜಾರುತ್ತದೆ. ಅಷ್ಟರಲ್ಲಿ ಮಳೆ ಹಿಡಿದು ಹಳ್ಳಕ್ಕೆ ನೀರು ಬಂದಿತು. ಕಲ್ಲು ಸದ್ಯಕ್ಕೆ ಮೊಳಕಾಲುದ್ದ ನೀರಿನ ಅಡಿಯಲ್ಲಿದೆ.